ಕುಳಿತು ದುಡಿಯುವವರ ದೇಹರಕ್ಷಣೆ

ನಮ್ಮ ನಗರದ ಪೂರ್ವಭಾಗದ ಏರುತಗ್ಗಿನ ನೆಲದಲ್ಲಿ ಹಬ್ಬಿಕೊಂಡಿರುವ ಶಕ್ತಿನಗರದಿಂದ ಪ್ರತಿನಿತ್ಯ ಬೆಳಿಗ್ಗೆ ಬುತ್ತಿಯ ಚೀಲವನ್ನು ಹಿಡಿದು ಕೆಲಸಕ್ಕೆ ಹೊರಡುವ ಗೃಹಸ್ಥರ ದಿನಚರಿಯನ್ನು ನೋಡಿದರೆ ಒಂದು ಸಂಗತಿಯು ತಟ್ಟನೆ ಕಣ್ಣಿಗೆ ಬೀಳುತ್ತದೆ. ಅವರು ಬಸ್ಸಿನಲ್ಲಿಯೋ ತಮ್ಮ ವಾಹನದಲ್ಲಿಯೋ ಕುಳಿತು ಪೇಟೆಗೆ ಬರುತ್ತಾರೆ, ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಕಂಪೆನಿಯಲ್ಲಿ ಕುಳಿತು ದುಡಿಯುತ್ತಾರೆ, ಕುಳಿತು ಉಣ್ಣುತ್ತಾರೆ, ಸಂಜೆ ಕುಳಿತೇ ಹಿಂದಿರುಗುತ್ತಾರೆ, ರಾತ್ರಿಯ ಊಟದವರೆಗೆ ಟೆಲಿವಿಷನ್ನಿನ ಮುಂದೆಯೋ ಕೈಯ ಫೋನಿನ ಮುಂದೆಯೋ ಮತ್ತೆ ಕುಳಿತಿರುತ್ತಾರೆ. ಎಚ್ಚತ್ತಿರುವ ಹದಿನಾರು ಗಂಟೆಗಳಲ್ಲಿ ತಾವು ಕಾಲಮೇಲೆ ನಿಂತದ್ದೆಷ್ಟು, ನಡೆದದ್ದೆಷ್ಟು ಎಂಬುದನ್ನು ವಾಚಕ ಮಹಾಶಯರು ನಾಳೆ ಒಂದು ದಿನ ಬರೆದಿಟ್ಟು ನೋಡಲಿ. ಹೆಚ್ಚಿನವರ ಲೆಕ್ಕವು ಎರಡು ಗಂಟೆಗಳನ್ನು ಮುಟ್ಟಲಾರದೆಂದು ನಮ್ಮ ನಂಬಿಕೆ. ಬಡಾವಣೆಯ ಹೆಸರಿನಲ್ಲಿರುವ ಶಕ್ತಿಯು ನಿವಾಸಿಗಳ ಕಾಲುಗಳಿಂದ ಮೆಲ್ಲಮೆಲ್ಲನೆ ಜಾರಿಹೋಗುತ್ತಿರುವುದು ನಗೆಯ ಮಾತಲ್ಲ.

ಇದು ಅವರವರ ಮನೆಯ ವಿಚಾರ, ಹೆಚ್ಚೆಂದರೆ ವೈದ್ಯರ ವಿಚಾರ, ಪತ್ರಿಕೆಯ ಅಗ್ರಲೇಖನಕ್ಕೆ ತಕ್ಕುದಲ್ಲವೆಂದು ಕೆಲವರು ಹೇಳಬಹುದು. ನಮ್ಮ ಅಭಿಪ್ರಾಯವು ಬೇರೆ. ಕುಳಿತು ಮಾಡುವ ದುಡಿಮೆಯು ಈ ಕರಾವಳಿಯ ಮುಖ್ಯ ಜೀವನೋಪಾಯಗಳಲ್ಲೊಂದು. ೧೯೦೬ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನು ಸ್ಥಾಪಿಸಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಂದ ಮುಂದೆ ಕಾರ್ಪೊರೇಷನ್ ಬ್ಯಾಂಕೆನಿಸಿದ ಸಂಸ್ಥೆಯು ಹುಟ್ಟಿತು. ೧೯೨೪ರಲ್ಲಿ ಕರ್ಣಾಟಕ ಬ್ಯಾಂಕು, ೧೯೨೫ರಲ್ಲಿ ಮುಂದೆ ಸಿಂಡಿಕೇಟ್ ಎಂಬ ಹೆಸರನ್ನು ಪಡೆದ ಬ್ಯಾಂಕು, ೧೯೩೧ರಲ್ಲಿ ವಿಜಯಾ ಬ್ಯಾಂಕು ತಲೆಯೆತ್ತಿದವು. ಇವುಗಳಲ್ಲಿ ಮೂರರ ಹೆಸರು ೨೦೧೯ ಮತ್ತು ೨೦೨೦ರ ವಿಲೀನಗಳಲ್ಲಿ ಅಳಿಸಿಹೋಗಿದ್ದರೂ ಅವು ಕಲಿಸಿದ ವೃತ್ತಿ ಅಳಿದಿಲ್ಲ. ಮೂರು ನಾಲ್ಕು ತಲೆಮಾರುಗಳಿಂದ ಈ ನೆಲದ ಮಕ್ಕಳು ಲೆಕ್ಕ ಬರೆದು ಬದುಕಿದ್ದಾರೆ. ಈಗ ಮುಡಿಪುವಿನಲ್ಲಿರುವ ಇನ್ಫೋಸಿಸ್ ಮೊದಲಾದ ಕಂಪೆನಿಗಳಲ್ಲಿ ಅವರ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಹಂಪನಕಟ್ಟೆಯ ಬ್ಯಾಂಕಿನಿಂದ ಪಡೀಲಿನ ಜಿಲ್ಲಾಡಳಿತದ ಕಚೇರಿಯವರೆಗೆ ನಗರದ ಬಾಳು ಮೇಜಿನ ಮೇಲೆ ನಡೆಯುತ್ತಿರುವಾಗ, ಮೇಜಿನ ಹಿಂದೆ ಕುಳಿತವನ ದೇಹಸ್ಥಿತಿಯು ಸಾರ್ವಜನಿಕ ವಿಚಾರವಾಗದೆ ಹೇಗೆ?

ಗುಮಾಸ್ತನು ಹಿಂದೆಯೂ ಕುಳಿತೇ ಬರೆಯುತ್ತಿದ್ದನಲ್ಲವೆ, ಈಗೇನು ಹೊಸತು ಎಂಬ ಪ್ರಶ್ನೆ ಏಳುವುದು ಸಹಜ. ಹೊಸತೇನೆಂಬುದನ್ನು ಹಳೆಯ ಕಚೇರಿಯನ್ನು ಕಂಡವರು ಬಲ್ಲರು. ಗಿರಾಕಿಯು ಚೆಕ್ಕನ್ನು ಕೊಟ್ಟರೆ ಬ್ಯಾಂಕಿನ ಗುಮಾಸ್ತನು ಎದ್ದು ಹೋಗಿ ಭಾರವಾದ ಲೆಡ್ಜರನ್ನು ಕಪಾಟಿನಿಂದ ತೆಗೆಯಬೇಕಾಗಿತ್ತು. ಸಹಿ ಹೋಲಿಸಲು ಇನ್ನೊಂದು ಮೇಜಿಗೆ ಹೋಗಬೇಕಾಗಿತ್ತು. ವೋಚರನ್ನು ಅಧಿಕಾರಿಯ ಮುಂದಿಟ್ಟು ಕಾಯಬೇಕಾಗಿತ್ತು. ಸಂಜೆ ಪುಸ್ತಕಗಳನ್ನೆಲ್ಲ ಹೊತ್ತು ಭದ್ರಕೋಣೆಗೆ ಸೇರಿಸಬೇಕಾಗಿತ್ತು. ಸರಕಾರಿ ಕಚೇರಿಯಲ್ಲಿಯೂ ಹಾಗೆಯೇ. ಹಳೆಯ ಕಡತ ಬೇಕೆಂದರೆ ರೆಕಾರ್ಡು ಕೋಣೆಯ ಏಣಿಯನ್ನು ಹತ್ತಬೇಕು, ಟಿಪ್ಪಣಿಗೆ ಒಪ್ಪಿಗೆ ಬೇಕೆಂದರೆ ಶಿರಸ್ತೇದಾರರ ಮೇಜಿಗೆ ನಡೆಯಬೇಕು. ಹಳ್ಳಿಯ ಶ್ಯಾನುಭೋಗನಂತೂ ಬರೆದಷ್ಟೇ ಹೊತ್ತು ಗದ್ದೆಯ ಹುಣಿಗಳ ಮೇಲೆ ನಡೆದಾಡುತ್ತಿದ್ದನು. ಅಂದಿನ ಕೆಲಸವೇ ಮನುಷ್ಯನನ್ನು ಗಂಟೆಗೆ ನಾಲ್ಕು ಬಾರಿ ಕುರ್ಚಿಯಿಂದ ಏಳಿಸುತ್ತಿತ್ತು. ಅದನ್ನು ಯಾರೂ ವ್ಯಾಯಾಮವೆಂದು ಕರೆಯಲಿಲ್ಲ. ಆದರೆ ವ್ಯಾಯಾಮದ ಫಲವು ಅದರಿಂದ ದೊರೆಯುತ್ತಿತ್ತು.

ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಯು ೧೯೮೪ರಲ್ಲಿ ವರದಿಯನ್ನೊಪ್ಪಿಸಿದ ಬಳಿಕ ಬ್ಯಾಂಕುಗಳಿಗೆ ಕಂಪ್ಯೂಟರು ಹಂತಹಂತವಾಗಿ ಬಂದಿತು. ೨೦೦೦ದ ಆಚೀಚೆ ಭೂಮಿ ಯೋಜನೆಯು ನಮ್ಮ ರಾಜ್ಯದ ಪಹಣಿಗಳನ್ನು ಯಂತ್ರಕ್ಕೇರಿಸಿತು. ಈಗ ಇ-ಆಫೀಸಿನಲ್ಲಿ ಕಡತವೂ ಕಾಗದದ ಮೈಯನ್ನು ಬಿಟ್ಟು ಬೆಳಕಿನ ರೂಪದಿಂದ ಒಂದು ಮೇಜಿನಿಂದ ಮತ್ತೊಂದಕ್ಕೆ ಸಾಗುತ್ತದೆ. ಇವುಗಳಿಂದ ಪ್ರಜೆಗಳಿಗೆ ಆದ ಉಪಕಾರವು ದೊಡ್ಡದು. ಅದನ್ನು ಅಲ್ಲಗಳೆಯುವ ಉದ್ದೇಶವು ನಮಗಿಲ್ಲ. ಆದರೆ ಕಡತದ ಓಡಾಟವು ನಿಂತಾಗ ಕಡತವನ್ನು ಹಿಡಿದು ಓಡಾಡುವವನ ಓಡಾಟವೂ ನಿಂತಿತೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಂದೆ ಕೆಲಸವೇ ಏಳಿಸುತ್ತಿತ್ತು. ಇಂದು ನಿಯಮವು ಏಳಿಸಬೇಕಾಗಿದೆ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ.

ಕುಳಿತಿರುವುದರಿಂದ ರೋಗ ಬರುತ್ತದೆಂಬುದು ಹೊಸ ಕಾಲದ ಭಯವೆಂದು ತಿಳಿಯಬಾರದು. ಇಟಲಿಯ ವೈದ್ಯ ಬರ್ನಾರ್ಡಿನೊ ರಮಜ್ಜಿನಿಯು ೧೭೦೦ರಲ್ಲಿ ಕಸಬುದಾರರ ರೋಗಗಳನ್ನು ಕುರಿತು ಗ್ರಂಥವನ್ನು ಬರೆದು, ೧೭೧೩ರಲ್ಲಿ ಅದಕ್ಕೆ ಸೇರಿಸಿದ ಭಾಗದಲ್ಲಿ ಲೇಖಕರ, ಗುಮಾಸ್ತರ ಕಷ್ಟಗಳನ್ನು ವಿವರಿಸಿದನು. ಸದಾ ಕುಳಿತಿರುವುದು, ಕೈಯನ್ನು ಒಂದೇ ರೀತಿಯಲ್ಲಿ ಎಡೆಬಿಡದೆ ಆಡಿಸುವುದು, ಲೆಕ್ಕದಲ್ಲಿ ತಪ್ಪು ಬಂದೀತೆಂಬ ಮನಸ್ಸಿನ ಬಿಗಿ, ಈ ಮೂರನ್ನೂ ಅವನು ಕಾರಣಗಳಾಗಿ ಎಣಿಸಿದನು. ಇಂದಿನ ಯಾವ ಬ್ಯಾಂಕಿನ ನೌಕರನೂ ಇದನ್ನು ತನ್ನದೇ ಕಥೆಯೆಂದು ಒಪ್ಪಿಯಾನು. ನಮ್ಮ ಚರಕಸಂಹಿತೆಯು ಇನ್ನೂ ಹಿಂದಿನದು. ಪ್ರಮೇಹದ ಕಾರಣಗಳನ್ನು ಹೇಳುವಲ್ಲಿ ಅದು ಮೊತ್ತಮೊದಲು ಹೆಸರಿಸುವುದು ಆಸ್ಯಾಸುಖವನ್ನು, ಎಂದರೆ ಕುಳಿತಿರುವ ಸುಖವನ್ನು. ಸಿಹಿಯೂ ಮೊಸರೂ ಅನಂತರ ಬರುತ್ತವೆ. ನಮ್ಮವರು ಸಕ್ಕರೆಯ ಮೇಲೆ ತಪ್ಪನ್ನೆಲ್ಲ ಹೊರಿಸಿ ಕುರ್ಚಿಯನ್ನು ನಿರಪರಾಧಿಯೆಂದು ಬಿಟ್ಟಿರುವುದು ಶಾಸ್ತ್ರಕ್ಕೂ ಸರಿಯಲ್ಲ, ಅನುಭವಕ್ಕೂ ಸರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಪರಿಶೀಲನೆಯಂತೆ ನಮ್ಮ ದೇಶದಲ್ಲಿ ಮಧುಮೇಹಿಗಳು ೧೦ ಕೋಟಿಗೆ ಮಿಕ್ಕಿದ್ದಾರೆ. ಆ ಹೊಸ್ತಿಲಲ್ಲಿ ನಿಂತವರು ಇನ್ನೂ ೧೩ ಕೋಟಿಗೆ ಮಿಕ್ಕಿದ್ದಾರೆ. ೨೦೨೨ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸಾಕಷ್ಟು ಮೈದುಡಿಸುತ್ತಿರಲಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಸೇರಿ ಮಾಡಿದ ಮತ್ತೊಂದು ಪರಿಶೀಲನೆಯು ೨೦೨೪ರಲ್ಲಿ ತಿಳಿಸಿತು.

ಕೆಲಸದ ಬಗೆಯೇ ಆಯುಸ್ಸನ್ನು ತೂಗಬಲ್ಲುದೆಂಬುದಕ್ಕೆ ಬಸ್ಸಿನ ಪಯಣಿಗರೆಲ್ಲರಿಗೂ ತಿಳಿಯುವಂಥ ಒಂದು ನಿದರ್ಶನವುಂಟು. ಇಂಗ್ಲೆಂಡಿನ ವೈದ್ಯ ಜೆರೆಮಿ ಮಾರಿಸ್ ಮತ್ತು ಅವರ ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿ ೧೯೫೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಚಾಲಕನೂ ಕಂಡಕ್ಟರನೂ ಒಂದೇ ಬಸ್ಸಿನವರು, ಒಂದೇ ಸಂಸ್ಥೆಯವರು. ಚಾಲಕನು ಕೆಲಸದ ಹೊತ್ತಿನ ಬಹುಭಾಗವನ್ನು ಕುಳಿತು ಕಳೆಯುತ್ತಿದ್ದನು. ಕಂಡಕ್ಟರನು ದಿನಕ್ಕೆ ನೂರಾರು ಮೆಟ್ಟಲುಗಳನ್ನು ಏರಿ ಇಳಿಯುತ್ತಿದ್ದನು. ಹೃದಯದ ರಕ್ತನಾಳಗಳ ರೋಗವು ಕಂಡಕ್ಟರರಲ್ಲಿ ಕಡಮೆಯಾಗಿಯೂ ಬಂದರೆ ತಡವಾಗಿಯೂ ಕಂಡುಬಂದಿತು. ಅಂಚೆಯನ್ನು ಹೊತ್ತು ತಿರುಗುವವರಿಗೂ ಅಂಚೆಯ ಕಚೇರಿಯಲ್ಲಿ ಕುಳಿತವರಿಗೂ ಅದೇ ಬಗೆಯ ವ್ಯತ್ಯಾಸವಿತ್ತು. ಚಾಲಕರು ಸೇರುವಾಗಲೇ ಸ್ವಲ್ಪ ಸ್ಥೂಲರಾಗಿದ್ದಿರಬಹುದೆಂಬ ಸಂದೇಹವನ್ನು ಮಾರಿಸರೇ ಎತ್ತಿಕೊಂಡು, ನೌಕರರಿಗೆ ಹೊಲಿಸಿಕೊಟ್ಟ ಸಮವಸ್ತ್ರಗಳ ಸೊಂಟದಳತೆಯನ್ನು ತೆಗೆಸಿ ೧೯೫೬ರಲ್ಲಿ ಅದನ್ನೂ ಪ್ರಕಟಿಸಿದರು. ಸಂದೇಹವು ಪೂರ್ತಿ ಸುಳ್ಳಲ್ಲವೆಂದು ಕಂಡಿತು. ಆದರೂ ಮುಂದಿನ ಎಪ್ಪತ್ತು ವರ್ಷಗಳ ಸಂಶೋಧನೆಯು ಮೂಲದ ಮಾತನ್ನು ಬಲಪಡಿಸಿದೆಯೇ ಹೊರತು ಬೀಳಿಸಿಲ್ಲ. ನಮ್ಮ ಸಿಟಿ ಬಸ್ಸಿನಲ್ಲಿ ಸೀಟಿಯೂದುತ್ತ ಪ್ರತಿ ನಿಲ್ದಾಣದಲ್ಲಿ ಇಳಿದು ಹತ್ತುವ ಕಂಡಕ್ಟರನನ್ನು ಕಂಡಾಗ, ಒಳಗೆ ಜಾಗ ಹಿಡಿದು ಕುಳಿತ ಅಧಿಕಾರಿಗಳು ಇದನ್ನು ನೆನೆಯಬಹುದು.

ಕಾರಣವು ಗೂಢವಾದುದಲ್ಲ. ನಮ್ಮ ಮೀನಖಂಡಗಳು ಕಾಲಿನ ರಕ್ತವನ್ನು ಮೇಲಕ್ಕೆ ಹಿಂಡಿ ಕಳುಹಿಸುವ ಪಂಪಿನಂತೆ ಕೆಲಸಮಾಡುತ್ತವೆ. ಕಾಲು ನಿಶ್ಚಲವಾದರೆ ಪಂಪು ನಿಲ್ಲುತ್ತದೆ, ಸಂಜೆಗೆ ಪಾದ ಊದಿಕೊಳ್ಳುತ್ತದೆ. ತೊಡೆಯ ಮತ್ತು ಕಾಲಿನ ದೊಡ್ಡ ಸ್ನಾಯುಗಳು ಸಂಕೋಚಗೊಂಡಾಗಲೆಲ್ಲ ರಕ್ತದಲ್ಲಿನ ಸಕ್ಕರೆಯನ್ನು ಸೆಳೆದು ಉರಿಸುತ್ತವೆ; ಅವು ಮಲಗಿದರೆ ಮಧ್ಯಾಹ್ನದ ಕುಚ್ಚಲಕ್ಕಿಯ ಅನ್ನದ ಸಕ್ಕರೆಯು ರಕ್ತದಲ್ಲಿಯೇ ಸುತ್ತುತ್ತಿರುತ್ತದೆ. ಬೆನ್ನೆಲುಬಿನ ಬಿಲ್ಲೆಗಳಿಗೆ ತಮ್ಮವೇ ಆದ ರಕ್ತನಾಳಗಳು ಬಹು ಕಡಮೆ. ಒತ್ತಡವು ಹೆಚ್ಚುಕಡಮೆಯಾಗುತ್ತಿದ್ದರೆ ಅವುಗಳ ಪೋಷಣೆಗೆ ನೆರವಾಗುತ್ತದೆ. ಬೆಳಗುವ ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಕಡಮೆಯಾಗಿ ಕಣ್ಣು ಒಣಗುತ್ತದೆ. ಹೀಗೆ ಸೊಂಟನೋವು, ಕುತ್ತಿಗೆಯ ಹಿಡಿತ, ಕಣ್ಣುರಿ, ಮೂರು ಗಂಟೆಯ ತೂಕಡಿಕೆ, ಇವೆಲ್ಲ ಬೇರೆ ಬೇರೆ ಉಪದ್ರವಗಳಂತೆ ಕಂಡರೂ ಬಹುಮಟ್ಟಿಗೆ ಒಂದೇ ಬೇರಿನ ಚಿಗುರುಗಳು.

ನಾವು ಮುಂಜಾನೆ ಕದ್ರಿಯ ಉದ್ಯಾನದಲ್ಲಿ ಅರ್ಧ ಗಂಟೆ ನಡೆಯುತ್ತೇವೆ, ನಮಗೆ ಈ ಉಪದೇಶವು ಬೇಡವೆಂದು ಕೆಲವು ಮಹನೀಯರು ಹೇಳುವುದುಂಟು. ಅವರ ಅಭ್ಯಾಸವು ಸ್ತುತ್ಯವೇ. ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಸಾಧಾರಣ ವ್ಯಾಯಾಮವು ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹೇಳಿದೆ. ಆದರೆ ಅದೇ ಉಪದೇಶದಲ್ಲಿ ಕುಳಿತಿರುವ ಹೊತ್ತನ್ನು ತಗ್ಗಿಸಬೇಕೆಂದೂ ಬೇರೆಯಾಗಿ ಹೇಳಿದೆ. ಹತ್ತು ಲಕ್ಷಕ್ಕೂ ಮಿಕ್ಕಿದ ಜನರ ವಿವರಗಳನ್ನು ಒಟ್ಟುಗೂಡಿಸಿ ೨೦೧೬ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, ದಿನಕ್ಕೆ ಎಂಟು ಗಂಟೆಗಳಿಗಿಂತ ಹೆಚ್ಚು ಕುಳಿತಿರುವವರಿಗೆ ಬರುವ ಅಪಾಯವು ಅಳಿಯಬೇಕಾದರೆ ದಿನಕ್ಕೆ ೬೦ರಿಂದ ೭೫ ನಿಮಿಷಗಳ ಚುರುಕಾದ ನಡಿಗೆಯಷ್ಟು ವ್ಯಾಯಾಮವು ಬೇಕೆಂದು ಕಂಡುಬಂದಿತು. ಅಷ್ಟು ಹೊತ್ತು ನಿತ್ಯವೂ ನಡೆಯಬಲ್ಲ ಭಾಗ್ಯವಂತರು ನಮ್ಮ ಗೃಹಸ್ಥರಲ್ಲಿ ಎಷ್ಟು ಮಂದಿ? ಮಕ್ಕಳನ್ನು ಶಾಲೆಗೆ ಕಳುಹಿಸಿ, ಅಡಿಗೆಯನ್ನು ಮುಗಿಸಿ, ಬಸ್ಸನ್ನು ಹಿಡಿದು ಬರುವ ಸ್ತ್ರೀನೌಕರರಲ್ಲಿ ಎಷ್ಟು ಮಂದಿ? ಮೇಲಾಗಿ ನಮ್ಮದು ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು. ಜೂನಿನಿಂದ ಸೆಪ್ಟೆಂಬರಿನವರೆಗೆ ಬೆಳಗಿನ ನಡಿಗೆಯು ಮಳೆರಾಯನ ಕೃಪೆಯನ್ನು ಅವಲಂಬಿಸಿದೆ. ಕಚೇರಿಯೊಳಗೆ, ಮಾಡಿನ ಕೆಳಗೆ, ಕೆಲಸದ ನಡುನಡುವೆ ದೊರೆಯುವ ಚಲನೆಯು ಮಾತ್ರ ಹನ್ನೆರಡು ತಿಂಗಳೂ ಎಲ್ಲರಿಗೂ ಕೈಗೆಟುಕುವಂಥದು.

ಅಷ್ಟು ಅಲ್ಪವಾದ ಚಲನೆಯಿಂದ ಏನಾದೀತೆಂಬ ಶಂಕೆಗೂ ಉತ್ತರವುಂಟು. ಆಸ್ಟ್ರೇಲಿಯಾದ ಸಂಶೋಧಕರು ೧೯ ಮಂದಿ ಸ್ಥೂಲಕಾಯರನ್ನು ಪರೀಕ್ಷಿಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ನಿಮಿಷ ನಡೆದವರಲ್ಲಿ ಊಟದ ಬಳಿಕ ಏರುವ ಸಕ್ಕರೆಯು ಸುಮಾರು ನಾಲ್ಕರಲ್ಲೊಂದು ಪಾಲು ತಗ್ಗಿತೆಂದು ೨೦೧೨ರಲ್ಲಿ ತಿಳಿಸಿದರು. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದವರು ೧೧ ಮಂದಿಯ ಮೇಲೆ ನಡೆಸಿ ೨೦೨೩ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅರ್ಧ ಗಂಟೆಗೊಮ್ಮೆ ಐದು ನಿಮಿಷ ನಡೆಯುವುದರಿಂದ ಸಕ್ಕರೆಯೂ ರಕ್ತದೊತ್ತಡವೂ ತಗ್ಗಿದುವು. ಗಂಟೆಗೊಮ್ಮೆ ಒಂದೇ ನಿಮಿಷ ನಡೆದರೂ ರಕ್ತದೊತ್ತಡಕ್ಕೆ ಗುಣವಾಯಿತು. ಪರೀಕ್ಷೆಗೊಳಗಾದವರ ಸಂಖ್ಯೆಯು ಸಣ್ಣದೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಎರಡೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ, ಮತ್ತು ಈ ಔಷಧಕ್ಕೆ ಬೆಲೆಯೇ ಇಲ್ಲ. ವ್ಯಾಯಾಮವನ್ನು ಅರ್ಧಶಕ್ತಿಯಿಂದ ಮಾಡಿದರೆ ಸಾಕೆಂದು ಅಷ್ಟಾಂಗಹೃದಯದಲ್ಲಿ ವಾಗ್ಭಟನು ಹೇಳಿರುವುದನ್ನು ಬಲ್ಲವರಿಗೆ, ಹಿತಮಿತವಾದ ಚಲನೆಯ ಗುಣವು ಹೊಸ ಸುದ್ದಿಯೂ ಆಗಲಾರದು.

ಕೆಲಸಕ್ಕೆ ನಷ್ಟವೆಷ್ಟು ಎಂಬ ಲೆಕ್ಕವನ್ನೂ ನೋಡೋಣ. ಹತ್ತರಿಂದ ಐದೂವರೆಯವರೆಗಿನ ಕಚೇರಿಯಲ್ಲಿ ಊಟದ ಮುಕ್ಕಾಲು ಗಂಟೆಯನ್ನು ಕಳೆದರೆ ಹದಿಮೂರು ಅರ್ಧಗಂಟೆಗಳು ಉಳಿಯುತ್ತವೆ. ಪ್ರತಿ ಅರ್ಧ ಗಂಟೆಗೆ ಮೂರು ನಿಮಿಷವೆಂದರೂ ಒಟ್ಟು ನಲವತ್ತು ನಿಮಿಷಗಳಾಗುವುದಿಲ್ಲ. ಅದರಲ್ಲಿಯೂ ಅರ್ಧವನ್ನು ಕೆಲಸದೊಂದಿಗೇ ಹೊಂದಿಸಬಹುದು: ಪಕ್ಕದ ವಿಭಾಗದವನಿಗೆ ಸಂದೇಶವನ್ನು ಬೆರಳಿನಿಂದ ಕುಟ್ಟಿ ಕಳುಹಿಸುವ ಬದಲು ನಡೆದು ಹೋಗಿ ಹೇಳುವುದು, ಟೆಲಿಫೋನಿನಲ್ಲಿ ನಿಂತು ಮಾತನಾಡುವುದು, ಕಡತಕ್ಕಾಗಿ ಗಂಟೆ ಬಾರಿಸಿ ಜವಾನನನ್ನು ಕರೆಯುವ ಬದಲು ತಾನೇ ಎದ್ದು ತರುವುದು. ಉಳಿದ ಇಪ್ಪತ್ತು ನಿಮಿಷವು ತೂಕಡಿಸುತ್ತ ಒಂದೇ ಸಾಲನ್ನು ಮೂರು ಬಾರಿ ಓದುವ ಅಪರಾಹ್ನದಲ್ಲಿ ಹೇಗೂ ಹಾಳಾಗುತ್ತಲೇ ಇದೆ.

ನಮ್ಮ ಕಚೇರಿಗಳಲ್ಲಿ ವಿರಾಮವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ವಿರಾಮವುಂಟು, ಆದರೆ ಅದು ಒಂದು ಕುರ್ಚಿಯಿಂದೆದ್ದು ಕ್ಯಾಂಟೀನಿನ ಮತ್ತೊಂದು ಕುರ್ಚಿಯಲ್ಲಿ ಕುಳಿತುಕೊಳ್ಳುವ ವಿರಾಮ. ಹನ್ನೊಂದಕ್ಕೆ ಚಹ, ನಾಲ್ಕಕ್ಕೆ ಚಹದೊಡನೆ ಗೋಳಿಬಜೆ, ನಡುವೆ ಫೋನಿನ ಪರದೆ. ಗೋಳಿಬಜೆಯ ಮೇಲೆ ನಮಗೆ ಹಗೆಯಿಲ್ಲ. ಆದರೆ ಕಣ್ಣಿಗೆ ದಣಿವಾದಾಗ ಒಂದು ಪರದೆಯನ್ನು ಬಿಟ್ಟು ಇನ್ನೊಂದು ಪರದೆಯನ್ನು ನೋಡುವುದು, ಹೊಟ್ಟೆಗೆ ದಣಿವಾದಾಗ ಮತ್ತೆ ತಿನ್ನುವುದು, ಕಾಲಿಗೆ ಜೋಮು ಹಿಡಿದಾಗ ಮತ್ತೆ ಕೂರುವುದು ವಿರಾಮವೆನಿಸಲಾರದು. ಯಾವ ಅಂಗವು ದಣಿದಿದೆಯೋ ಅದಕ್ಕೆ ವಿಶ್ರಾಂತಿ, ಯಾವುದು ಜಡವಾಗಿದೆಯೋ ಅದಕ್ಕೆ ಕೆಲಸ, ಇದೇ ವಿರಾಮದ ಲಕ್ಷಣ. ಕಿಟಕಿಯ ಬಳಿ ನಿಂತು ದೂರದ ತೆಂಗಿನ ತಲೆಗಳನ್ನು ಅರೆ ನಿಮಿಷ ನೋಡುವವನು ಕಣ್ಣಿಗೂ ಕಾಲಿಗೂ ಒಮ್ಮೆಲೇ ಉಪಕಾರ ಮಾಡಿಕೊಳ್ಳುತ್ತಾನೆ.

ಈ ವಿಷಯದಲ್ಲಿ ದೊಡ್ಡ ಅಡ್ಡಿಯು ಪರಿಜ್ಞಾನದ ಕೊರತೆಯಲ್ಲ. ಏಳಬೇಕೆಂದು ಎಲ್ಲರೂ ಬಲ್ಲರು. ಎದ್ದರೆ ಯಾರೇನೆನ್ನುವರೋ ಎಂದು ಅಂಜುತ್ತಾರೆ. ಕುರ್ಚಿಯನ್ನು ಎಷ್ಟು ಹೊತ್ತು ತುಂಬಿಸಿದನೆಂಬುದರಿಂದ ನೌಕರನ ನಿಷ್ಠೆಯನ್ನು ಅಳೆಯುವ ಪದ್ಧತಿಯು ನಮ್ಮಲ್ಲಿ ಬೇರೂರಿದೆ. ಕುರ್ಚಿಯು ಬರಿದಾಗಿ ಕಂಡರೆ ಮೇಲಧಿಕಾರಿಯು ಹುಬ್ಬು ಗಂಟಿಕ್ಕುತ್ತಾನೆ. ಸಾಲಿನಲ್ಲಿ ನಿಂತ ಪೇಟೆಯವರು ಗೊಣಗುತ್ತಾರೆ. ೨೦೨೩ರ ಅಕ್ಟೋಬರಿನಲ್ಲಿ ಶ್ರೀ ಎನ್. ಆರ್. ನಾರಾಯಣಮೂರ್ತಿಯವರು ದೇಶದ ತರುಣರು ವಾರಕ್ಕೆ ೭೦ ಗಂಟೆ ದುಡಿಯಬೇಕೆಂದು ಅಭಿಪ್ರಾಯಪಟ್ಟರು. ೨೦೨೪ರ ಜುಲೈಯಲ್ಲಿ ಮಾಹಿತಿ ತಂತ್ರಜ್ಞಾನದ ಕಂಪೆನಿಗಳಲ್ಲಿ ದಿನದ ದುಡಿಮೆಯನ್ನು ೧೪ ಗಂಟೆಗಳವರೆಗೆ ಹಿಗ್ಗಿಸಲು ಅವಕಾಶವೀಯುವ ಸಲಹೆಯು ನಮ್ಮ ರಾಜ್ಯ ಸರಕಾರದ ಮುಂದೆ ಬಂದಿತು. ನೌಕರರ ಸಂಘವು ಅದನ್ನು ಬಲವಾಗಿ ವಿರೋಧಿಸಿತು. ದೇಶದ ಏಳಿಗೆಗೆ ದುಡಿಮೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಏಳಿಗೆ ಎಂಬ ಮಾತಿನ ಮೂಲದಲ್ಲಿ ಏಳುವಿಕೆಯಿದೆ. ನಲವತ್ತೈದರ ಹರೆಯದಲ್ಲಿ ಹೃದಯಾಘಾತದಿಂದ ಮಲಗಿದ ಅನುಭವಿ ಅಧಿಕಾರಿಯ ನಷ್ಟವನ್ನು ತುಂಬಲು ಇಪ್ಪತ್ತೈದರ ತರುಣನ ಎಷ್ಟು ಗಂಟೆಗಳನ್ನು ಕೂಡಿಸಬೇಕೆಂಬುದನ್ನು ಗಂಟೆ ಎಣಿಸುವವರು ಹೇಳುವುದಿಲ್ಲ.

ಕೇಂದ್ರ ಸರಕಾರವು ಈ ಬಗ್ಗೆ ಸುಮ್ಮನಿಲ್ಲವೆಂಬುದನ್ನು ಒಪ್ಪಬೇಕು. ಆಸನ, ಪ್ರಾಣಾಯಾಮ, ಧ್ಯಾನಗಳನ್ನು ಐದು ನಿಮಿಷಕ್ಕೆ ಅಳವಡಿಸಿದ ವೈ-ಬ್ರೇಕ್ ಎಂಬ ಕ್ರಮವನ್ನು ಆಯುಷ್ ಮಂತ್ರಾಲಯವು ರೂಪಿಸಿ, ೨೦೨೧ರ ಸೆಪ್ಟೆಂಬರಿನಲ್ಲಿ ಫೋನಿನ ಮೂಲಕವೂ ದೊರೆಯುವಂತೆ ಮಾಡಿತು. ಕೇಂದ್ರದ ನೌಕರರು ಇದನ್ನು ಬಳಸಬೇಕೆಂದು ಸುತ್ತೋಲೆಯೂ ಹೊರಟಿತು. ಆದರೆ ಸುತ್ತೋಲೆಯು ಗೋಡೆಗೆ ಅಂಟುವುದು ಬೇರೆ, ಕಚೇರಿಯ ರೂಢಿಗೆ ಅಂಟುವುದು ಬೇರೆ. ಅಧಿಕಾರಿಯು ತಾನೇ ಎದ್ದು ನಿಂತ ಕಚೇರಿಯಲ್ಲಿ ಸುತ್ತೋಲೆಯು ಬೇಕಾಗಿಲ್ಲ. ಅಧಿಕಾರಿಯು ಏಳದ ಕಚೇರಿಯಲ್ಲಿ ಹತ್ತು ಸುತ್ತೋಲೆಗಳು ಬಂದರೂ ನೌಕರನು ಏಳಲಾರನು.

ಕಾಯಿದೆಯ ಸ್ಥಿತಿಯನ್ನೂ ವಾಚಕರು ತಿಳಿದಿರುವುದು ಲೇಸು. ೧೯೬೧ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ತನ್ನ ವ್ಯಾಪ್ತಿಯ ನೌಕರರನ್ನು ಐದು ಗಂಟೆಗಳಿಗಿಂತ ಹೆಚ್ಚು ಕಾಲ ಒಂದೇ ಸಮನೆ ದುಡಿಸಕೂಡದೆಂದೂ ಆ ಬಳಿಕ ಒಂದು ಗಂಟೆಯಾದರೂ ವಿಶ್ರಾಂತಿಯಿರಬೇಕೆಂದೂ ವಿಧಿಸುತ್ತದೆ. ಸರಕಾರಿ ಕಚೇರಿಗಳು ಅದರ ವ್ಯಾಪ್ತಿಗೆ ಹೊರಗು. ಊಟದ ಹೊತ್ತನ್ನು ಕಾಯುವ ಈ ವಿಧಿಯು ಒಳ್ಳೆಯದೇ. ಆದರೆ ಐದು ಗಂಟೆಗಳ ನಿಶ್ಚಲತೆಯನ್ನು ಅದು ತಡೆಯುವುದಿಲ್ಲ. ನಮ್ಮ ನೆರೆಯ ಕೇರಳವು ಇನ್ನೊಂದು ತುದಿಯ ಅನ್ಯಾಯವನ್ನು ತಿದ್ದಿದೆ. ಕೋಳಿಕೋಡಿನ ಬಟ್ಟೆಯಂಗಡಿಗಳಲ್ಲಿ ದಿನವಿಡೀ ನಿಂತು ಕಾಲು ಬತ್ತಿದ ಮಹಿಳೆಯರ ಹೋರಾಟದ ಫಲವಾಗಿ, ಅಂಗಡಿಯ ನೌಕರರಿಗೆ ಕುಳಿತುಕೊಳ್ಳುವ ಹಕ್ಕು ೨೦೧೮ರಲ್ಲಿ ಅಲ್ಲಿ ಕಾಯಿದೆಯಾಯಿತು. ೨೦೨೧ರಲ್ಲಿ ತಮಿಳುನಾಡು ಅದನ್ನು ಅನುಸರಿಸಿತು. ನಿಂತವರಿಗೆ ಕೂರುವ ಹಕ್ಕು ನ್ಯಾಯವಾದರೆ ಕುಳಿತವರಿಗೆ ಏಳುವ ಹಕ್ಕೂ ನ್ಯಾಯವೇ. ಎರಡರ ತತ್ತ್ವವೂ ಒಂದೇ: ಮನುಷ್ಯನ ದೇಹವು ಒಂದೇ ಭಂಗಿಯಲ್ಲಿ ಇಡೀ ದಿನ ಇರಲು ಹುಟ್ಟಿದ್ದಲ್ಲ. ಆದಕಾರಣ ಕುರ್ಚಿಯನ್ನೇ ಕಿತ್ತೊಗೆದು ದಿನವಿಡೀ ನಿಲ್ಲಬೇಕೆಂದು ಹೇಳುವವರ ಮಾತನ್ನೂ ನಾವು ಒಪ್ಪುವುದಿಲ್ಲ.

ಮೇಜಿಲ್ಲದೆ ಕುಳಿತು ದುಡಿಯುವವರನ್ನು ಇಲ್ಲಿ ಮರೆಯಬಾರದು. 
ಈ ಜಿಲ್ಲೆಯ ಮನೆಮನೆಗಳಲ್ಲಿ ಬೀಡಿ ಕಟ್ಟುವ ತಾಯಂದಿರು ತಡಪೆಯನ್ನು ತೊಡೆಯ ಮೇಲಿಟ್ಟು, ಕತ್ತು ಬಗ್ಗಿಸಿ, ನೆಲದ ಮೇಲೆ ಗಂಟೆಗಟ್ಟಲೆ ಕುಳಿತು ಎಷ್ಟೋ ಮಕ್ಕಳನ್ನು ಓದಿಸಿ ಬ್ಯಾಂಕಿನ ಕುರ್ಚಿಗೆ ಕಳುಹಿಸಿದ್ದಾರೆ. ಅವರಿಗೆ ಕೂಲಿಯು ಸಾವಿರ ಬೀಡಿಗೆ ಇಷ್ಟೆಂದು. ಎದ್ದ ಪ್ರತಿ ನಿಮಿಷವೂ ಅವರ ಕೈಯಿಂದ ಕಳೆಯುತ್ತದೆ. ತಿಂಗಳ ಸಂಬಳದ ನೌಕರನು ಎದ್ದರೆ ಕಳೆದುಕೊಳ್ಳುವುದೇನೂ ಇಲ್ಲ. ಇಷ್ಟು ಸುಲಭವಾದ ಹಿತವನ್ನು ಅವನು ಕೈಬಿಟ್ಟರೆ, ಅದನ್ನು ಪಡೆಯಲಾರದ ತಾಯಿಯ ಸೊಂಟನೋವಿಗೆ ಅವನು ಏನು ಸಮಾಧಾನ ಹೇಳಿಯಾನು? ಸಂಜೆ ಮನೆಗೆ ಬಂದವನು ಅವಳನ್ನೂ ಎಬ್ಬಿಸಿಕೊಂಡು ಅಂಗಳದಲ್ಲಿ ನಾಲ್ಕು ಸುತ್ತು ನಡೆದರೆ ಇಬ್ಬರಿಗೂ ಕ್ಷೇಮ.

ಹೀಗಿರಲು, ಕಚೇರಿಗಳ ಮುಖ್ಯಸ್ಥರಲ್ಲಿ ನಮ್ಮ ವಿಜ್ಞಾಪನೆಯು ಇದು. ಮೊದಲನೆಯದಾಗಿ, ಪ್ರತಿ ಅರ್ಧ ಗಂಟೆಗೆ ಎರಡು ಮೂರು ನಿಮಿಷ ಏಳುವುದು ಕಚೇರಿಯ ಕ್ರಮವೆಂದು ಬಾಯಿಮಾತಿನಿಂದಲ್ಲ, ಬರಹದ ಆಜ್ಞೆಯಿಂದ ಸಾರಲಿ, ಮತ್ತು ತಾವೇ ಮೊದಲು ಏಳಲಿ. ಎರಡನೆಯದಾಗಿ, ಜನರು ಸಾಲು ನಿಲ್ಲುವ ಕೌಂಟರುಗಳಲ್ಲಿ ಎಲ್ಲರೂ ಒಮ್ಮೆಲೇ ಏಳದೆ ಸರದಿಯ ಮೇಲೆ ಏಳುವಂತೆ ಏರ್ಪಡಿಸಲಿ. ಒಬ್ಬನು ಎದ್ದಾಗ ಪಕ್ಕದವನು ಎರಡು ನಿಮಿಷ ನೋಡಿಕೊಂಡರೆ ಸಾರ್ವಜನಿಕರಿಗೆ ತೊಡಕಾಗದು. ಮೂರನೆಯದಾಗಿ, ಕುಡಿಯುವ ನೀರನ್ನು ಮೇಜಿಗೆ ತರಿಸುವ ಬದಲು ಮೊಗಸಾಲೆಯ ತುದಿಯಲ್ಲಿಡಿಸಲಿ. ನಮ್ಮ ಬೆವರಿನ ಊರಿನಲ್ಲಿ ನೀರಿಗಾಗಿ ಏಳದವನು ಯಾರೂ ಇರಲಾರನು. ನಾಲ್ಕನೆಯದಾಗಿ, ಹತ್ತು ನಿಮಿಷದ ಸಮಾಲೋಚನೆಗಳನ್ನು ನಿಂತೇ ನಡೆಸಲಿ. ಮಾತು ಚಿಕ್ಕದಾಗುವ ಲಾಭವೂ ಉಂಟು. ಐದನೆಯದಾಗಿ, ಲಿಫ್ಟಿನ ಪಕ್ಕದಲ್ಲಿರುವ ಮೆಟ್ಟಲನ್ನು ಹಳೆಯ ಕಡತಗಳ, ಮುರಿದ ಕುರ್ಚಿಗಳ ಉಗ್ರಾಣವನ್ನಾಗಿ ಮಾಡದೆ, ಬೆಳಕು ಹಾಕಿಸಿ, ಗುಡಿಸಿ, ಹತ್ತುವುದಕ್ಕೆ ತಕ್ಕಂತೆ ಇಡಲಿ.

ನೌಕರರಲ್ಲಿಯೂ ಒಂದೆರಡು ಮಾತು. ಮಧ್ಯಾಹ್ನ ಉಂಡ ಮೇಲೆ ಹತ್ತು ನಿಮಿಷ ಮೊಗಸಾಲೆಯಲ್ಲಿ ಅಡ್ಡಾಡಿರಿ. ಮಳೆಯಿಲ್ಲದ ದಿನ ಸಂಜೆ ಒಂದು ನಿಲ್ದಾಣ ಮೊದಲೇ ಬಸ್ಸಿಳಿದು ಶಕ್ತಿನಗರದ ಏರನ್ನು ನಡೆದು ಹತ್ತಿರಿ. ಹಣ ಕೊಟ್ಟು ಯಂತ್ರದ ಮೇಲೆ ಏರು ನಡೆಯುವವರು ಇರುವ ಕಾಲದಲ್ಲಿ ನಿಮಗೆ ಅದು ಉಚಿತವಾಗಿ ದೊರೆತಿದೆ. ಹೃದ್ರೋಗಿಗಳು, ಮಂಡಿನೋವಿನವರು, ಗರ್ಭಿಣಿಯರು ತಮ್ಮ ವೈದ್ಯರನ್ನು ಕೇಳಿ ಅಳತೆಯನ್ನು ಗೊತ್ತುಮಾಡಿಕೊಳ್ಳಲಿ. ಎದ್ದು ನಡೆಯಲಾರದವರು ಕುಳಿತಲ್ಲಿಯೇ ತೋಳು, ಹೆಗಲು, ಕುತ್ತಿಗೆಗಳನ್ನು ಆಡಿಸಿದರೂ ಪ್ರಯೋಜನವುಂಟು. ವಿರಾಮದ ಹೆಸರಿನಲ್ಲಿ ಅರ್ಧ ದಿನ ಕಾಣೆಯಾಗುವವರಿಗೆ ಈ ಲೇಖನವು ಸಾಕ್ಷಿಯಾಗಲಾರದೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮೂರು ನಿಮಿಷವೆಂದರೆ ಮೂರೇ ನಿಮಿಷ. ಹಕ್ಕನ್ನು ಕೇಳುವವನು ಅದರ ಮೇರೆಯನ್ನು ತಾನೇ ಕಾಯಬೇಕು.

ಕೊನೆಯದಾಗಿ ಸಾಲಿನಲ್ಲಿ ನಿಲ್ಲುವ ಪುರಜನರೊಡನೆ ಒಂದು ಪ್ರಾರ್ಥನೆ. ಕೌಂಟರಿನಾಚೆಯ ನೌಕರನು ಎದ್ದು ಎರಡು ಹೆಜ್ಜೆ ನಡೆದುದನ್ನು ಕಂಡು ಸೋಮಾರಿಯೆಂದು ಜರೆಯಬೇಡಿರಿ. ಅವನು ನಿಮ್ಮ ಕೆಲಸಕ್ಕೇ ಮರಳಿ ಬರಲಿರುವನು, ಮತ್ತು ಸ್ವಲ್ಪ ಚುರುಕಾಗಿ ಬರಲಿರುವನು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯನ್ನು ನಮ್ಮ ಹಿರಿಯರು ದುಡಿಯದವನಿಗಾಗಿ ಕಟ್ಟಿದರು. ಕೂತೇ ದುಡಿಯುವವನ ಕಾಲವನ್ನು ಅವರು ಕಂಡಿರಲಿಲ್ಲ. ಅವನು ಕುಡಿಕೆಯನ್ನು ತುಂಬಿಸಬಲ್ಲನು. ಆದರೆ ತುಂಬಿಸಿದ ಕುಡಿಕೆಯು ಕಡೆಗೆ ಆಸ್ಪತ್ರೆಯ ಬಿಲ್ಲಿಗೆ ಬರಿದಾಗುವುದಾದರೆ ದುಡಿದು ಫಲವೇನು? ಶರಣರು ದುಡಿಮೆಗೆ ಕಾಯಕವೆಂದು ಹೆಸರಿಟ್ಟರು. ಆ ಹೆಸರಿನೊಳಗೆ ಕಾಯವಿದೆ. ಕಾಯವನ್ನು ಕುರ್ಚಿಗೆ ಕಟ್ಟಿಹಾಕಿ ಕಾಯಕವು ಬಹುಕಾಲ ನಡೆಯದೆಂಬುದನ್ನು ನಮ್ಮ ಕಚೇರಿಗಳ ಹಿರಿಯರು ಬೇಗನೆ ಮನಗಾಣಲಿ. ಮನಗಂಡವರು ಈ ಪತ್ರಿಕೆಯನ್ನು ಮಡಿಸಿಟ್ಟು, ಕುರ್ಚಿಯಿಂದೆದ್ದು, ಪಕ್ಕದ ಮೇಜಿನವರನ್ನೂ ಎಬ್ಬಿಸಲಿ.